ಗರ್ಭದೊಳಗಿನ ನೋಟ, ಹೊರಗಿನ ಹೊಣೆ

ಹಿಂದೆ ಬಸುರಿಯನ್ನು ಕಂಡ ಹಿರಿಯರು ವಿಚಾರಿಸುತ್ತಿದ್ದುದು ಊಟ, ನಿದ್ದೆ, ಬಯಕೆಗಳನ್ನು. ಇಂದು ಐದನೆಯ ತಿಂಗಳ ಹೊತ್ತಿಗೆ ಕೇಳುವ ಮೊದಲ ಮಾತು, "ಸ್ಕ್ಯಾನಿಂಗಿನಲ್ಲಿ ಏನು ಹೇಳಿದರು?" ಎಂಬುದು. "ಎಲ್ಲ ಸರಿಯಾಗಿದೆಯಂತೆ" ಎಂಬ ಉತ್ತರ ದೊರೆತರೆ ಮನೆಮಂದಿಗೆ ನೆಮ್ಮದಿ. ಈ ನೆಮ್ಮದಿಗೆ ಎಷ್ಟು ಆಧಾರವಿದೆ? ಉತ್ತರ ಬೇರೆಯಾದಾಗ ನಮ್ಮ ಕರ್ತವ್ಯವೇನು? ಈ ಎರಡು ಪ್ರಶ್ನೆಗಳನ್ನು ಜೊತೆಯಾಗಿಯೇ ಯೋಚಿಸಬೇಕಾಗಿದೆ.

ನೂರು ಶಿಶುಗಳಲ್ಲಿ ಎರಡು ಮೂರಕ್ಕೆ ಗಣನೀಯವಾದ ಜನ್ಮಜಾತ ದೋಷವಿರುತ್ತದೆ. ಅವೆಲ್ಲವೂ ಯಂತ್ರದ ಕಣ್ಣಿಗೆ ಬೀಳುವುದಿಲ್ಲ. 1993ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಗರ್ಭಿಣಿಯರು ಭಾಗಿಗಳಾಗಿದ್ದರು. ಕ್ರಮವಾಗಿ ಸ್ಕ್ಯಾನಿಂಗ್ ಮಾಡಿದ ಗುಂಪಿನಲ್ಲಿಯೂ ಹೆರಿಗೆಗೆ ಮುನ್ನ ಪತ್ತೆಯಾದುದು ಶೇಕಡಾ 35ರಷ್ಟು ಮಾತ್ರ. 1999ರ ಯುರೋಪಿನ ಅಧ್ಯಯನದಲ್ಲಿ ಇದು ಅರ್ಧವನ್ನು ದಾಟಿತು. ಅನಂತರ ಉಪಕರಣಗಳು ಬಹಳ ಸುಧಾರಿಸಿವೆ. ಆದರೂ ಎಲ್ಲ ದೋಷಗಳು ಒಂದೇ ರೀತಿ ಕಾಣಿಸುವುದಿಲ್ಲ. ತಲೆಬುರುಡೆ ಬೆಳೆಯದಿರುವುದು ಬಹುಮಟ್ಟಿಗೆ ತಪ್ಪದೆ ಕಾಣುತ್ತದೆ. ಹೃದಯದ ಸಣ್ಣ ರಂಧ್ರ ಕಣ್ತಪ್ಪಬಹುದು. ಕಿವುಡುತನವು ಪರದೆಯ ಮೇಲೆ ಮೂಡುವುದೇ ಇಲ್ಲ. ಆದುದರಿಂದ "ಸರಿಯಾಗಿದೆ" ಎಂಬುದಕ್ಕೆ "ಈಗ ಕಾಣುವಷ್ಟರಲ್ಲಿ ಸರಿಯಾಗಿದೆ" ಎಂದಷ್ಟೇ ಅರ್ಥ. ಇದನ್ನು ಮರೆತವರು ಮಗು ಹುಟ್ಟಿದ ಮೇಲೆ "ಮೊದಲೇ ಏಕೆ ನೋಡಿಸಲಿಲ್ಲ?" ಎಂದು ತಾಯಿಯನ್ನು ದೂರುತ್ತಾರೆ. ಹಿಂದೆ ಪೂರ್ವಜನ್ಮದ ಕರ್ಮವೆಂದು ಅವಳ ಮೇಲೆ ಹೊರಿಸುತ್ತಿದ್ದ ಅಪರಾಧವೇ ಈಗ ಹೊಸ ವೇಷದಲ್ಲಿ ಬಂದಿದೆ.

ದೋಷ ಕಂಡಾಗಿನ ಕಷ್ಟ ಇನ್ನೂ ದೊಡ್ಡದು. ಈ ಪರೀಕ್ಷೆ ನಡೆಯುವುದು ಸಾಮಾನ್ಯವಾಗಿ 18ರಿಂದ 20ನೆಯ ವಾರದಲ್ಲಿ. 1971ರ ಗರ್ಭಪಾತ ಕಾಯಿದೆಯ ಮಿತಿ 20 ವಾರಗಳಾಗಿದ್ದುದರಿಂದ, ಯೋಚಿಸಲು ಸಮಯವೇ ಉಳಿಯುತ್ತಿರಲಿಲ್ಲ. 2021ರ ತಿದ್ದುಪಡಿಯಂತೆ, ಭ್ರೂಣದಲ್ಲಿ ಗಂಭೀರ ದೋಷವಿದೆಯೆಂದು ವೈದ್ಯಕೀಯ ಮಂಡಳಿ ನಿರ್ಣಯಿಸಿದರೆ ಆ ಮಿತಿ ಅನ್ವಯಿಸದು. ಕಾನೂನು ಅವಕಾಶವನ್ನು ಕೊಟ್ಟಿತು. ಯಾವುದು ಸರಿಯೆಂಬ ನಿರ್ಣಯವನ್ನು ತಾಯ್ತಂದೆಯರಿಗೆ ಬಿಟ್ಟಿತು. ಬದುಕುಳಿಯಲಾರದ ಶಿಶು, ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದಾದ ಸೀಳುತುಟಿ, ಡೌನ್ ಸಿಂಡ್ರೋಮ್ ಇದ್ದೂ ಕಲಿತು ನಲಿಯಬಲ್ಲ ಮಗು, ಇವೆಲ್ಲವನ್ನೂ "ದೋಷ" ಎಂಬ ಒಂದೇ ಪದದಿಂದ ಅಳೆಯುವುದು ನ್ಯಾಯವಲ್ಲ. ಇದೇ ಯಂತ್ರ ಹೆಣ್ಣುಮಗುವನ್ನೂ ಬೇಡವೆನ್ನಲು ಬಳಕೆಯಾಗಿ, ಅದನ್ನು ತಡೆಯಲು 1994ರಲ್ಲಿ ಕಾಯಿದೆ ತರಬೇಕಾಯಿತೆಂಬುದನ್ನೂ ನೆನೆಯಬೇಕು.

ಹಾಗೆಂದು ತಾಯಿಗೆ ಉಪದೇಶ ಮಾಡುವ ಅಧಿಕಾರ ಸುಲಭವಾಗಿ ಬರುವುದಿಲ್ಲ. ಇದನ್ನು ನಮ್ಮ ಕಾಸರಗೋಡಿನ ನೆಲವೇ ಕಲಿಸಿದೆ. ಇಲ್ಲಿನ ಸರಕಾರಿ ಸ್ವಾಮ್ಯದ ಗೇರುತೋಟಗಳ ಮೇಲೆ ಸುಮಾರು ಎರಡು ದಶಕಗಳ ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯಂಥ ಗ್ರಾಮಗಳಲ್ಲಿ ವೈಕಲ್ಯದೊಡನೆ ಹುಟ್ಟಿದ ಮಕ್ಕಳನ್ನು ಕಂಡು ಸ್ಥಳೀಯ ವೈದ್ಯರೂ ಪತ್ರಕರ್ತರೂ ದನಿಯೆತ್ತಿದರು. ಸುಪ್ರೀಂ ಕೋರ್ಟು ಈ ಕೀಟನಾಶಕವನ್ನು ನಿಷೇಧಿಸಿದುದು 2011ರಲ್ಲಿ. ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿದುದು 2017ರಲ್ಲಿ. ಅಷ್ಟು ಕಾಲ ಮಗುವನ್ನು ಎತ್ತಿ ಆಡಿಸಿ, ಉಣಿಸಿ, ಆಸ್ಪತ್ರೆಗೆ ಅಲೆದವರು ಮನೆಯ ಹೆಂಗಸರೇ.

ನೆರೆಮನೆಯ ಇಂಥ ಬಾಳನ್ನು ಕಂಡ ಗರ್ಭಿಣಿಯೊಬ್ಬಳು, ತನ್ನ ಮಗುವಿಗೂ ತೊಂದರೆಯಿದೆಯೆಂದು ತಿಳಿದಾಗ ಕೈಗೊಳ್ಳುವ ತೀರ್ಮಾನ ನಿಜವಾಗಿ ಸ್ವತಂತ್ರವೆ? ಮಗುವನ್ನು ಉಳಿಸಿಕೊಂಡರೆ ಆಸರೆಯಿಲ್ಲ, ಬೇಡವೆಂದರೆ ನಿಂದೆ ತಪ್ಪದು ಎಂಬ ಇಕ್ಕಟ್ಟಿನಲ್ಲಿ ಆಯ್ಕೆಯೆಂಬುದು ಹೆಸರಿಗೆ ಮಾತ್ರ. ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಜೊತೆಗೆ ನಡೆಯುವವರಿದ್ದರೆ ಮಾತ್ರ ಅವಳ ಆಯ್ಕೆಗೆ ಅರ್ಥ ಬರುತ್ತದೆ.

ಗರ್ಭದೊಳಗೆ ಇಣುಕುವ ಮೊದಲು ಹೊರಗೆ ಮಾಡಬೇಕಾದುದೂ ಉಂಟು: ಗರ್ಭಧಾರಣೆಗೆ ಮುಂಚೆಯೇ ಫೋಲಿಕ್ ಆಮ್ಲದ ಮಾತ್ರೆ, ರುಬೆಲ್ಲಾ ಲಸಿಕೆ, ವಿಷವಿಲ್ಲದ ನೀರು ಗಾಳಿ. ಇನ್ನು ನಮ್ಮ ಸಂಘದ ಮನೆಗಳಿಂದ ಆಗಬಹುದಾದುದು ಸರಳವಾಗಿದೆ. ವರದಿ ಹಿಡಿದು ಬಂದ ದಂಪತಿಗೆ ಸಲಹೆಯ ಮಳೆ ಸುರಿಸದೆ ಅವರ ಮಾತನ್ನು ಕೇಳೋಣ. ವೈಕಲ್ಯವಿರುವ ಮಗುವನ್ನು ನಮ್ಮ ಸಭೆಗಳಿಗೆ ಕರೆತರಲು ತಾಯಿ ಸಂಕೋಚಪಡದಂತೆ ಮುಂದಿನ ಸಾಲಿನಲ್ಲಿ ಅದಕ್ಕೊಂದು ಜಾಗ ಕಾದಿರಿಸೋಣ.