ಪರದೇಶದ ಪರಿಚಯ ಸ್ನೇಹವಾಗಬಲ್ಲದೆ?

ದೇಶ ಸುತ್ತಬೇಕು, ಕೋಶ ಓದಬೇಕು ಎಂದರು ಹಿರಿಯರು. ಆದರೆ ಹೊರದೇಶ ಸುತ್ತುವ ಭಾಗ್ಯ ಹಿಂದೆ ಎಲ್ಲೋ ಕೆಲವರಿಗೆ ಮಾತ್ರ ಇತ್ತು. ಶಿವರಾಮ ಕಾರಂತರು ಯೂರೋಪನ್ನು ಕಂಡು ಬಂದು 'ಅಪೂರ್ವ ಪಶ್ಚಿಮ' ಬರೆದರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ 'ಅಮೆರಿಕದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಬಹುಪಾಲು ಕನ್ನಡಿಗರು ಇಂಥವರ ಕಣ್ಣಿನಿಂದಲೇ ಪರದೇಶವನ್ನು ನೋಡಿ ತೃಪ್ತಿಪಟ್ಟವರು. ಇಂದು ನಮ್ಮಂಥ ಗುಮಾಸ್ತರ ಮನೆಯ ಬೀರುವಿನಲ್ಲೂ ಪಾಸ್‌ಪೋರ್ಟ್ ಇದೆ. ಇಲಾಖೆಗೆ ಅರ್ಜಿ ಕೊಟ್ಟು, ರಜೆ ಮಂಜೂರು ಮಾಡಿಸಿಕೊಂಡು ಬ್ಯಾಂಕಾಕಿಗೋ ಸಿಂಗಪುರಕ್ಕೋ ಹೋಗಿ ಬರುವವರಿದ್ದಾರೆ. ಮಗ ಸೊಸೆ ಇರುವ ಅಮೆರಿಕದಲ್ಲಿ ಆರು ತಿಂಗಳು ಇದ್ದು ಬರುವ ತಂದೆ ತಾಯಿಯರಿಗಂತೂ ಲೆಕ್ಕವಿಲ್ಲ.

ಹೀಗೆ ಹೋಗಿ ಬಂದವರು ಸಂಘದ ಸಮಾರಂಭದಲ್ಲಿ ಸಿಕ್ಕಾಗ ಮೊಬೈಲಿನಲ್ಲಿ ಫೋಟೊ ತೋರಿಸುತ್ತಾರೆ. "ಇವರು ಅಲ್ಲಿ ಆದ ನಮ್ಮ ಫ್ರೆಂಡು" ಎನ್ನುತ್ತಾರೆ. ಹೆಸರು ಕೇಳಿದರೆ ಸ್ವಲ್ಪ ತಡವರಿಸುತ್ತಾರೆ. ಇದು ನಕ್ಕು ಬಿಡುವ ವಿಷಯವಲ್ಲ. ಐದು ದಿನದ ಪರಿಚಯವನ್ನು ಸ್ನೇಹವೆಂದು ಕರೆಯಬಹುದೇ? ಕರೆದರೆ, ಆ ಸ್ನೇಹ ನಮ್ಮಿಂದ ಏನನ್ನು ಬೇಡುತ್ತದೆ? ಈ ಪ್ರಶ್ನೆ ವಿಚಾರಾರ್ಹವಾದುದು.

ಗ್ರೀಸಿನ ಅರಿಸ್ಟಾಟಲ್ ಸ್ನೇಹವನ್ನು ಮೂರು ಬಗೆಯಾಗಿ ವಿಂಗಡಿಸಿದ: ಪ್ರಯೋಜನಕ್ಕಾಗಿ ಬೆಳೆಸಿದ್ದು, ಸಂತೋಷಕ್ಕಾಗಿ ಬೆಳೆಸಿದ್ದು, ಒಬ್ಬರ ಗುಣವನ್ನು ಇನ್ನೊಬ್ಬರು ಮೆಚ್ಚಿ ಬೆಳೆಸಿದ್ದು. ಮೂರನೆಯದೇ ನಿಜವಾದದ್ದು, ಆದರೆ ಅದಕ್ಕೆ ಕಾಲ ಬೇಕು, ಜೊತೆಯಲ್ಲಿ ಕೂತು ಸಾಕಷ್ಟು ಉಪ್ಪು ತಿಂದಿರಬೇಕು ಎಂಬುದು ಅವನ ಅಭಿಪ್ರಾಯ. ಉಪ್ಪಿನ ಋಣದ ಮಾತು ನಮಗೂ ಹೊಸದಲ್ಲ. ಈ ಅಳತೆಗೋಲಿನಲ್ಲಿ ನೋಡಿದರೆ ಪ್ರವಾಸದ ಪರಿಚಯಗಳೆಲ್ಲ ಮೊದಲ ಎರಡು ಬಗೆಯವೇ. ಗೈಡಿನ ನಗುವಿಗೆ ನಾವು ಹಣ ಕೊಟ್ಟಿರುತ್ತೇವೆ. ಹೋಟೆಲಿನ ಹುಡುಗಿ ಕೈಮುಗಿದು ಸ್ವಾಗತಿಸುವುದು ಅವಳ ನೌಕರಿ. ಅದರಲ್ಲಿ ಕಪಟವಿದೆಯೆಂದಲ್ಲ. ಆದರೆ ಸಂಬಳದ ಸೌಜನ್ಯವನ್ನು ಸ್ನೇಹವೆಂದು ತಿಳಿದರೆ, ನಮ್ಮನ್ನು ನಾವೇ ವಂಚಿಸಿಕೊಂಡಂತೆ.

ಇದರ ಮಗ್ಗುಲಲ್ಲೇ ಇನ್ನೊಂದು ಸಂಗತಿಯಿದೆ. ಪರದೇಶದಲ್ಲಿ ನಮ್ಮವರು ಮೊದಲು ಹುಡುಕುವುದು ನಮ್ಮವರನ್ನೇ. ಕಠ್ಮಂಡುವಿನ ಪಶುಪತಿನಾಥನ ಪೂಜೆ ಮಾಡುವ ಭಟ್ಟರು ಬಹುಕಾಲದಿಂದ ಕರ್ನಾಟಕದ ಕಡೆಯವರು. ಅಲ್ಲಿ ಕನ್ನಡ ಕೇಳಿ ಪುಳಕಗೊಳ್ಳದ ಕನ್ನಡಿಗನಿಲ್ಲ. ಆ ಪುಳಕ ಸಹಜವೇ. ಆದರೆ ಅಷ್ಟಕ್ಕೇ ನಿಂತು ಬಂದರೆ ನಾವು ನೇಪಾಳವನ್ನು ನೋಡಿದೆವು, ನೇಪಾಳಿಯನ್ನು ನೋಡಲಿಲ್ಲ.

ಹಾಗಾದರೆ ದಾರಿ ಯಾವುದು? ಇಲ್ಲಿ ಒಂದು ನಿಜವಾದ ನಿದರ್ಶನ ನೆನಪಿಗೆ ಬರುತ್ತದೆ. 1962ರಲ್ಲಿ ಸತೀಶ್ ಕುಮಾರ್ ಮತ್ತು ಇ. ಪಿ. ಮೆನನ್ ಎಂಬ ಇಬ್ಬರು ತರುಣರು ಅಣ್ವಸ್ತ್ರಗಳ ವಿರುದ್ಧ ದೆಹಲಿಯಿಂದ ಕಾಲ್ನಡಿಗೆಯಲ್ಲಿ ಹೊರಟರು. ಮಾಸ್ಕೋ, ಪ್ಯಾರಿಸ್, ಲಂಡನ್ ಮುಟ್ಟಿ ಕೊನೆಗೆ ವಾಷಿಂಗ್ಟನ್ ತಲುಪಿದರು. ಕೈಯಲ್ಲಿ ಹಣ ಇಟ್ಟುಕೊಳ್ಳಬೇಡಿ ಎಂದು ಅವರಿಗೆ ಹೇಳಿದವರು ವಿನೋಬಾ ಭಾವೆ. ಹಣವಿದ್ದರೆ ಹೋಟೆಲಿನಲ್ಲಿ ಉಂಡು ಮಲಗುತ್ತೀರಿ, ಇಲ್ಲದಿದ್ದರೆ ಜನರ ಬಾಗಿಲಿಗೆ ಹೋಗಿ ಮಾತಾಡಲೇಬೇಕಾಗುತ್ತದೆ ಎಂಬುದು ಅದರ ತಾತ್ಪರ್ಯ. ಅಂದಿನ ಸೋವಿಯತ್ ಒಕ್ಕೂಟದ ದಾರಿಯಲ್ಲಿ ಚಹಾ ಕಾರ್ಖಾನೆಯ ಇಬ್ಬರು ಹೆಂಗಸರು ಅವರಿಗೆ ನಾಲ್ಕು ಪೊಟ್ಟಣ ಚಹಾ ಕೊಟ್ಟರು. ಆಗ ಅಣ್ವಸ್ತ್ರವಿದ್ದ ದೇಶಗಳು ನಾಲ್ಕೇ. ಒಬ್ಬೊಬ್ಬ ನಾಯಕನಿಗೆ ಒಂದೊಂದು ಪೊಟ್ಟಣ ತಲುಪಿಸಿ, ಗುಂಡಿ ಒತ್ತುವ ಮನಸ್ಸಾದಾಗ ಮೊದಲು ಒಂದು ಲೋಟ ಚಹಾ ಕುಡಿದು ಯೋಚಿಸಲಿ ಎಂಬ ಸಂದೇಶ ಅವರದು. ಆ ಭೇಟಿ ಎಷ್ಟು ಹೊತ್ತಿನದು? ಆದರೂ ಆ ಪೊಟ್ಟಣಗಳನ್ನು ಹೊತ್ತು ಅವರು ಸಾವಿರಾರು ಮೈಲಿ ನಡೆದರು.

ಅರಿಸ್ಟಾಟಲನ ಮಾತಿಗೆ ಇಲ್ಲಿ ಒಂದು ತಿದ್ದುಪಡಿ ಬೇಕೆನಿಸುತ್ತದೆ. ಸ್ನೇಹದ ಅಳತೆ ಕಾಲವೊಂದೇ ಅಲ್ಲ. ಆ ಮನುಷ್ಯನಿಂದ ನಾವು ಹೊತ್ತು ತಂದ ಹೊಣೆಯೂ ಒಂದು ಅಳತೆಯೇ. ಇನ್ನೊಂದು ಮಾತೂ ಇದರಿಂದ ಹೊರಡುತ್ತದೆ. ಎಲ್ಲಕ್ಕೂ ಹಣ ಚೆಲ್ಲಿ, ಯಾರಿಗೂ ಋಣಿಯಾಗದೆ ಬರುವವನಿಗೆ ಸ್ನೇಹಿತರಾಗುವುದು ಕಷ್ಟ. ದಾರಿ ಕೇಳುವವನಿಗೆ, ಮಾತು ಬಾರದೆ ಕೈಸನ್ನೆ ಮಾಡುವವನಿಗೆ, ಇನ್ನೊಬ್ಬರ ನೆರವು ಬೇಕಾದವನಿಗೆ ಬಾಗಿಲು ತೆರೆಯುತ್ತದೆ.

ಹಾಗೆಂದು ಬರಿಗೈಯಲ್ಲಿ ಹೊರಡುವುದೇ ಧರ್ಮವೆಂದು ತಿಳಿಯಬಾರದು. ಈಚೆಗೆ ಸಿರಿವಂತ ದೇಶಗಳ ಕೆಲವು ತರುಣರು ಆಗ್ನೇಯ ಏಷ್ಯದ ಬೀದಿಗಳಲ್ಲಿ ಕೂತು ತಮ್ಮ ಮುಂದಿನ ಪ್ರಯಾಣಕ್ಕೆ ಹಣ ಬೇಡುವುದುಂಟು. ತಮಗಿಂತ ಬಡವರ ಮುಂದೆ ಕೈ ಚಾಚುವ ಈ ಬಗೆಗೆ ಅಲ್ಲಿಯವರು ಬೇಸರಪಟ್ಟಿದ್ದಾರೆ. ಆ ಪಾದಯಾತ್ರಿಗಳ ಬರಿಗೈಗೂ ಇವರ ಬರಿಗೈಗೂ ಅಂತರವಿದೆ. ಅವರು ಆತಿಥ್ಯಕ್ಕೆ ಪ್ರತಿಯಾಗಿ ತಮ್ಮ ಇಡೀ ದುಡಿಮೆಯನ್ನು ಒಂದು ಲೋಕಹಿತದ ಕೆಲಸಕ್ಕೆ ಕೊಟ್ಟಿದ್ದರು. ಇವರು ಬಾಡಿಗೆ ಉಳಿಸುತ್ತಿದ್ದಾರೆ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆಯುತ್ತ ಇಲ್ಲೊಂದು ಗೆರೆ ಎಳೆದಿದ್ದಾನೆ. ಪರದೇಶಕ್ಕೆ ಬಂದವನನ್ನು ಶತ್ರುವಿನಂತೆ ಕಾಣಬಾರದೆಂಬುದು ಅವನ ಹಕ್ಕು. ಮನೆಯ ಅತಿಥಿಯಾಗಿ ಉಳಿಸಿಕೊಳ್ಳಿರೆಂದು ಕೇಳುವುದು ಹಕ್ಕಲ್ಲ. ಎಂದರೆ ಅದಕ್ಕಿಂತ ಹೆಚ್ಚಾಗಿ ದೊರೆತ ಒಂದು ಊಟ, ಒಂದು ರಾತ್ರಿಯ ಆಸರೆ, ಒಂದು ಗಂಟೆಯ ಮಾತುಕತೆ ಎಲ್ಲವೂ ದಾನ. ದಾನ ಪಡೆದವನಿಗೆ ಋಣವಿದೆ.

ಆ ಋಣ ತೀರಿಸುವುದೆಲ್ಲಿ? "ನಮ್ಮೂರಿಗೆ ಬನ್ನಿ" ಎಂದು ಹೇಳಿ ಬಂದಿರುತ್ತೇವೆ, ಅವರು ಬರುವುದು ಅಪರೂಪ. ಆದರೆ ನಾವಿರುವ ಊರಿಗೆ ಯಾರಾದರೊಬ್ಬ ಪರದೇಶಿ ಬಂದೇ ಇರುತ್ತಾನೆ. ಅವನಿಗೆ ಸರಿಯಾದ ದಾರಿ ತೋರಿಸುವುದು, ಆಟೋದವನು ಹೆಚ್ಚು ಕೇಳಿದಾಗ ನಡುವೆ ನಿಂತು ಮಾತಾಡುವುದು, ಇವೂ ತೀರುವಳಿಯ ಕಂತುಗಳೇ.

ಇನ್ನು ನಮ್ಮ ಮಟ್ಟಿಗೆ, ಹೊರನಾಡ ಕನ್ನಡಿಗರ ಮಟ್ಟಿಗೆ, ಈ ಪ್ರಶ್ನೆ ಮತ್ತಷ್ಟು ಹತ್ತಿರದ್ದು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆಯನ್ನು ನಾವು ಮುಂಬಯಿ, ದೆಹಲಿಗಳಲ್ಲಿ ದಿನವೂ ಬಾಳುತ್ತಿದ್ದೇವೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವರಿಗೆ ಗೊತ್ತು: ಎಣ್ಣೆ ನೀರು ತಾವಾಗಿ ಬೆರೆಯುವುದಿಲ್ಲ. ಸಾಬೂನಿನ ಅಣುವಿನ ಒಂದು ತುದಿ ನೀರನ್ನು, ಇನ್ನೊಂದು ತುದಿ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ. ತನ್ನ ಗುಣ ಬಿಡದೆ ಎರಡನ್ನೂ ಹತ್ತಿರ ತರುತ್ತದೆ. ಮನೆಯಲ್ಲಿ ಕನ್ನಡ, ಮೆಟ್ಟಿಲ ಬಳಿ ಪಕ್ಕದ ಮನೆಯವರ ಮಾತು, ಹೀಗೆ ಎರಡನ್ನೂ ಹಿಡಿದು ಬಾಳುವ ನಮ್ಮ ಮಕ್ಕಳಿಗೆ ಈ ವಿದ್ಯೆ ಪುಸ್ತಕದಿಂದ ಬರಬೇಕಾಗಿಲ್ಲ.

ಆದ್ದರಿಂದ ಪರದೇಶದಲ್ಲಿ ಸ್ನೇಹಿತರನ್ನು ಪಡೆಯುವ ಯೋಗ್ಯತೆಯನ್ನು ವಿಮಾನ ಹತ್ತುವ ಮೊದಲೇ ಪರೀಕ್ಷಿಸಿಕೊಳ್ಳಬಹುದು. ಎದುರು ಮನೆಯ ಅಜ್ಜಿಗೆ ಕಾಯಿಲೆಯಾದಾಗ ನಮಗೆ ತಿಳಿಯುತ್ತದೆಯೇ? ನಮ್ಮ ಮನೆಯ ಹಬ್ಬದ ಹೋಳಿಗೆ ಯಾರ ಮನೆಗೆ ಹೋಗುತ್ತದೆ? ಈ ಊರಿನವರ ಮನೆಯಲ್ಲಿ ನಾವು ಎಷ್ಟು ಸಲ ಉಪ್ಪು ತಿಂದಿದ್ದೇವೆ? ಹತ್ತಿಪ್ಪತ್ತು ವರ್ಷದಿಂದ ಬಾಳಿದ ಬೀದಿಯಲ್ಲಿ ಆಗದ ಸ್ನೇಹ ಐದು ದಿನದ ಪ್ಯಾಕೇಜಿನಲ್ಲಿ ಆಗುವುದು ಕಷ್ಟ. ಬೀದಿಯಲ್ಲಿ ಅದು ಕೈಗೂಡಿದವರಿಗೆ, ಯಾವ ದೇಶದಲ್ಲಿ ಇಳಿದರೂ ಮೊದಲ ಮಾತು ತಾನಾಗಿ ಬರುತ್ತದೆ.