ಹನ್ನೆರಡು ನಿಮಿಷ ಹಳೆಯ ‘ಈಗ’

ಟಿವಿ ಸ್ಟುಡಿಯೊದಿಂದ ಪ್ರಶ್ನೆ ಹೋಗುತ್ತದೆ. ದೂರದೇಶದ ವರದಿಗಾರ ಧ್ಯಾನಸ್ಥನಂತೆ ಸುಮ್ಮನೆ ನಿಂತಿರುತ್ತಾನೆ. ಅದು ವೈರಾಗ್ಯವಲ್ಲ, ದೂರ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಮಾತು ಹತ್ತಿಳಿಯಲು ಕಾಲು ಸೆಕೆಂಡು, ಉತ್ತರಕ್ಕೆ ಇನ್ನೊಂದು ಕಾಲು.

2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರಿದಾಗ ಸಂಕೇತ ಭೂಮಿಗೆ ಬರಲು ಸುಮಾರು 12 ನಿಮಿಷ ಹಿಡಿಯಿತು. ಬೆಂಗಳೂರಿನಲ್ಲಿ ವಿಜ್ಞಾನಿಗಳು ಉಸಿರು ಬಿಗಿಹಿಡಿದಿದ್ದಾಗಲೇ ಅಲ್ಲಿ ಎಲ್ಲ ಮುಗಿದಿತ್ತು. ಆ ನಡುವೆ ಯಾರಾದರೂ ಹರಕೆ ಹೊತ್ತಿದ್ದರೆ, ಅದು ಆಗಬೇಕಾದದ್ದಕ್ಕೋ, ಆಗಿಹೋದದ್ದಕ್ಕೋ?

ಕಂಡ ವಸ್ತು ಅರಿವಿಗೆ ಬರುವಷ್ಟರಲ್ಲಿ ಇಲ್ಲವಾಗಿರುತ್ತದೆ ಎಂದು ಬೌದ್ಧರಲ್ಲಿ ಸೌತ್ರಾಂತಿಕರು ಉಪಗ್ರಹಗಳಿಗೂ ಬಹಳ ಹಿಂದೆಯೇ ವಾದಿಸಿದ್ದರು.

ಬೆಳಗ್ಗೆ ಸೂರ್ಯನಮಸ್ಕಾರ ಮಾಡುವವರೂ ಕೈಮುಗಿಯುವುದು ಎಂಟು ನಿಮಿಷ ಹಿಂದಿನ ಸೂರ್ಯನಿಗೇ. ಅವನು ಇದುವರೆಗೆ ತಕರಾರು ಮಾಡಿಲ್ಲ. ಈಗಷ್ಟೇ ಮಾಡಿದ್ದರೆ, ಅದು ಇನ್ನೂ ದಾರಿಯಲ್ಲಿದೆ.