ಕಲಿಯುವ ಕೈ, ದುಡಿಯುವ ಕೈ

ಕಲಿಯುವವರು ಮಾಡಿದ ಕೆಲಸ ಕೆಲಸವಲ್ಲವೇ? 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವನು, ಕಾರ್ಮಿಕನಲ್ಲ. 1973ರ ತಿದ್ದುಪಡಿ ಎಂಜಿನಿಯರಿಂಗ್ ಪದವೀಧರರನ್ನೂ ಅದರೊಳಗೆ ತಂದಿತು. ಹಾಗಾಗಿ ಸಿಗುವುದು ಸಂಬಳವಲ್ಲ, ಸ್ಟೈಪೆಂಡ್. ಆದರೆ ಕೆಲಸದಲ್ಲಿ ಗಾಯವಾದರೆ ಕಾರ್ಮಿಕರಿಗೆ ಕೊಡುವಂತೆ ಪರಿಹಾರ ಕೊಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಯಂತ್ರಕ್ಕೆ ಕೈ ಸಿಕ್ಕಿದ ದಿನ ಕಾರ್ಮಿಕ, ಮಿಕ್ಕ ದಿನ ವಿದ್ಯಾರ್ಥಿ!

ನಮ್ಮ ಬೈರಾಪಟ್ಟಣದ ಕಡೆಯಿಂದ ಬಿಡದಿಯ ಕಾರ್ಖಾನೆಗಳಿಗೆ ಹೋಗುವ ಹುಡುಗರು ಬಹಳ. ಸಂಶೋಧನೆಗೆ ಸೇರುವ ಮೊದಲು ನಾನೂ ಒಂದು ಕಾರ್ಖಾನೆಯಲ್ಲಿ ವರ್ಷ ಕಾಲ ಅಪ್ರೆಂಟಿಸ್ ಆಗಿದ್ದೆ. ಮೊದಲ ತಿಂಗಳು ಬಿಡಿಭಾಗಗಳ ಅಳತೆ ತೆಗೆಯುವುದನ್ನು ಕಲಿತೆ. ಉಳಿದ ಹನ್ನೊಂದು ತಿಂಗಳು ಅದನ್ನೇ ಮಾಡಿದೆ.

ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು ತಪ್ಪಲ್ಲ. ಪಕ್ಕದ ಚನ್ನಪಟ್ಟಣದಲ್ಲಿ ಗೊಂಬೆ ಮಾಡಲು ಕಲಿಯುವವರೂ ಆಲೆಮರದ ತುಂಡುಗಳನ್ನು ಕಡೆದು, ಅರಗು ಹಚ್ಚಿ ಕೈ ಪಳಗಿಸಿಕೊಳ್ಳಬೇಕು. ಅಲ್ಲಿ ನೂರನೆಯ ಗೊಂಬೆ ಮೊದಲನೆಯದಕ್ಕಿಂತ ನುಣುಪಾಗುತ್ತದೆ. ನನ್ನ ನೂರನೆಯ ಅಳತೆ ಮೊದಲನೆಯದರಂತೆಯೇ ಇತ್ತು.

ನನಗೆ ತೋರುವ ಪರೀಕ್ಷೆ ಇಷ್ಟೆ: ಆತ ನಾಳೆ ಬರದಿದ್ದರೆ ಯಾರಿಗೆ ನಷ್ಟ? ಅವನ ಕಲಿಕೆಗೆ ಮಾತ್ರವಾದರೆ ಅವನು ವಿದ್ಯಾರ್ಥಿ. ಉತ್ಪಾದನೆಗೂ ಆದರೆ ಅವನು ಕಾರ್ಮಿಕನೂ ಹೌದು. ಕಲಿಸಿದ ಋಣವನ್ನು ಅವನ ಕೂಲಿಯಲ್ಲಿ ಮುರಿದುಕೊಳ್ಳುವುದು ನ್ಯಾಯವಲ್ಲ.